ಪಡಸಾಲೆಗೆ ಸರೌಂಡ್ ಸೌಂಡ್: ಮೊದಲು ಮಾತು ಕೇಳಲಿ, ಗುಡುಗು ಆಮೇಲೆ

ದೊಡ್ಡ ಟಿವಿ ಮನೆಗೆ ಬಂದ ವಾರದಲ್ಲೇ ಅದರ ಧ್ವನಿ ಸಾಲದು ಅನ್ನುವುದು ಗೊತ್ತಾಗಿಬಿಡುತ್ತದೆ. ಸಿನಿಮಾದಲ್ಲಿ ಇಬ್ಬರು ಮೆಲ್ಲಗೆ ಮಾತಾಡುತ್ತಿದ್ದರೆ ಅಜ್ಜಿ, "ಏನಂದಾ ತಿಳೀಲಿಲ್ಲಪಾ, ಸ್ವಲ್ಪ ದೊಡ್ಡದು ಮಾಡು" ಅನ್ನುತ್ತಾರೆ. ಏರಿಸಿದ ಸ್ವಲ್ಪ ಹೊತ್ತಿಗೆ ಹೊಡೆದಾಟ ಶುರು. ಒಳಗೆ ಓದುತ್ತ ಕೂತ ಮಗಳು, "ಅಪ್ಪಾ, ಸಣ್ಣದು ಮಾಡ್ರಿ" ಅಂತ ಕೂಗುತ್ತಾಳೆ. ಟಿವಿ ತೆಳ್ಳಗಾದಷ್ಟೂ ಅದರೊಳಗಿನ ಸ್ಪೀಕರ್ ಚಿಕ್ಕದಾಗುತ್ತ ಬಂದಿದೆ. ಅದರ ಮುಖವೂ ಬಹಳ ಸಲ ನೆಲಕ್ಕೋ ಹಿಂದಿನ ಗೋಡೆಗೋ ತಿರುಗಿರುತ್ತದೆ.

ಇದಕ್ಕೆ ಮದ್ದು ಸರೌಂಡ್ ಸೌಂಡ್, ಅಂದರೆ ಸುತ್ತಲಿಂದ ಧ್ವನಿ ಬರುವ ಸ್ಪೀಕರ್ ಸೆಟ್. ಅದನ್ನು ಹುಡುಕಿಕೊಂಡು ಅಂಗಡಿಗೆ ಹೋದರೆ ಮಾತು ವಾಟ್‌ನಿಂದ ಶುರುವಾಗಿ ವಾಟ್‌ನಲ್ಲೇ ಮುಗಿಯುತ್ತದೆ. ನಾನು ಹೇಳುವ ಕ್ರಮ ಬೇರೆ: ಮೊದಲು ಕೋಣೆ, ಆಮೇಲೆ ಮಾತು ಬರುವ ಮುಂದಿನ ಮೂರು ಸ್ಪೀಕರ್, ಅವುಗಳಿಗೆ ಒಪ್ಪುವ ರಿಸೀವರ್ (ಟಿವಿಯ ಧ್ವನಿಯನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ), ನಂತರ ಸಬ್‌ವೂಫರ್ (ಗುಡುಗಿನಂಥ ಗಿಡ್ಡ ಸ್ವರ, ಅಂದರೆ ಬಾಸ್, ನುಡಿಸುವ ಸ್ಪೀಕರ್), ಕಡೆಗೆ ಹಿಂದಿನ ಸ್ಪೀಕರ್ ಜೋಡಿ. ಒಂದೇ ಸಲ ಎಲ್ಲ ಕೊಳ್ಳಲೇಬೇಕೆಂದಿಲ್ಲ. ಈ ಕ್ರಮ ಹಿಡಿದರೆ ಅರ್ಧದಲ್ಲಿ ನಿಂತರೂ ಹಾಕಿದ ದುಡ್ಡು ವ್ಯರ್ಥವಾಗುವುದಿಲ್ಲ.

ಟೇಪು ಹಿಡಿದು ಪಡಸಾಲೆ ಅಳೆಯಿರಿ

ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಟಿವಿ ಎಲ್ಲಿದೆ, ಮಂದಿ ಎಲ್ಲಿ ಕೂಡುತ್ತಾರೆ, ಬಾಗಿಲು ಯಾವ ಕಡೆ ತೆರೆಯುತ್ತದೆ ಅನ್ನುವುದನ್ನು ಹಾಳೆಯ ಮೇಲೆ ಗೀಚಿಕೊಳ್ಳಿ. ನಂತರ ಕೂಡುವ ಜಾಗದಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಅದರ ಹಿಂದೆಯೇ ಟರ್ರ್ ಅನ್ನುವ ಲೋಹದಂಥ ಬಾಲ ಕೇಳಿಸಿತೋ, ಆ ಕೋಣೆಯಲ್ಲಿ ಎಷ್ಟು ಲಕ್ಷದ ಸ್ಪೀಕರ್ ಇಟ್ಟರೂ ಮಾತು ಕಲಸಿಕೊಳ್ಳುತ್ತದೆ. ಬಾಗಲಕೋಟೆ ಕಡೆಯ ಮನೆಗಳಲ್ಲಿ ಇದು ತೀರ ಸಾಮಾನ್ಯ. ನೆಲಕ್ಕೆ ಇಳಕಲ್ ಗ್ರ್ಯಾನೈಟ್ ಅಥವಾ ನುಣುಪಾದ ಟೈಲ್ಸ್, ನಾಲ್ಕೂ ಕಡೆ ಗಿಲಾವು ಮಾಡಿದ ಗೋಡೆ, ಮೇಲೆ ಆರ್‌ಸಿಸಿ ಸ್ಲ್ಯಾಬ್. ಧ್ವನಿಯನ್ನು ಹೀರಿಕೊಳ್ಳುವ ವಸ್ತುವೇ ಇಲ್ಲ. ಒಂದು ಗೋಡೆಗೆ ಬಡಿದದ್ದು ಇನ್ನೊಂದಕ್ಕೆ ಬಡಿಯುತ್ತ ಕಿವಿಗೆ ತಡವಾಗಿ ಮತ್ತೆ ಮತ್ತೆ ಬರುತ್ತದೆ.

ಇದರ ಪರಿಹಾರಕ್ಕೆ ದುಬಾರಿ ಫೋಮ್ ಬೇಕಿಲ್ಲ. ಟಿವಿಗೂ ಸೋಫಾಗೂ ನಡುವೆ ದಪ್ಪನೆಯ ಜಮಖಾನ ಹಾಸಿ. ಕಿಟಕಿಗೆ ತೆಳು ನೈಲಾನ್ ಪರದೆಯ ಬದಲು ನೆರಿಗೆ ಹಿಡಿದ ಭಾರದ ಹತ್ತಿ ಪರದೆ ಹಾಕಿ. ರಬಕವಿ-ಬನಹಟ್ಟಿಯ ಕಡೆ ನೇಯ್ಗೆ ಬಟ್ಟೆಗೆ ಬರವಿಲ್ಲ. ತಲೆಯ ಹಿಂದಿನ ಗೋಡೆ ಬರಿದಾಗಿದ್ದರೆ ಅಲ್ಲಿ ಒಂದು ಕೌದಿ ತೂಗುಹಾಕಿ. ಹಳೆ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ಮಾತಿನ ಸ್ಪಷ್ಟತೆ ಕೆಡಿಸುವ ಮೇಲಿನ ಸ್ವರಗಳ ಮಾರ್ದನಿಯನ್ನು ಚೆನ್ನಾಗಿ ಹೀರುತ್ತದೆ. ಗೋಡೆಗೆ ಅಂಟಿಸದೆ ಎರಡು ಬೆರಳಿನಷ್ಟು ಜಾಗ ಬಿಟ್ಟು ತೂಗಿದರೆ ಇನ್ನೂ ಚಲೋ. ಮತ್ತೆ ಚಪ್ಪಾಳೆ ತಟ್ಟಿ ನೋಡಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಗಿಡ್ಡ ಸ್ವರಗಳ ಕತೆ ಬೇರೆ, ಅವು ಬಟ್ಟೆಗೆ ಬಗ್ಗುವುದಿಲ್ಲ. ಎದುರುಬದುರು ಗೋಡೆಗಳ ನಡುವಿನ ಅಂತರಕ್ಕೆ ತಕ್ಕಂತೆ ಕೆಲವು ಸ್ವರಗಳು ಕೋಣೆಯಲ್ಲಿ ಉಬ್ಬಿಕೊಳ್ಳುತ್ತವೆ. 14 ಅಡಿ ಉದ್ದದ ಕೋಣೆಯಲ್ಲಿ ಅಂಥ ಮೊದಲ ಉಬ್ಬು ಸುಮಾರು 40 ಹರ್ಟ್ಸ್‌ನಲ್ಲಿ (ಹರ್ಟ್ಸ್ ಅಂದರೆ ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಅಳತೆ), 11 ಅಡಿ ಅಗಲಕ್ಕೆ ಸುಮಾರು 51ರಲ್ಲಿ. ಉದ್ದ ಅಗಲ ಒಂದೇ ಇರುವ ಚೌಕ ಕೋಣೆಯಲ್ಲಿ ಎರಡೂ ಒಂದೇ ಕಡೆ ಕೂಡಿ ಗುಂಯ್‌ಗುಟ್ಟುತ್ತವೆ. ಹಿಂಗೋಡೆಗೆ ತಲೆ ತಾಗಿಸಿ ಕೂತವರಿಗೆ ಈ ಗುಂಯ್ ಎಲ್ಲರಿಗಿಂತ ಹೆಚ್ಚು. ಸೋಫಾವನ್ನು ಒಂದೆರಡು ಅಡಿ ಮುಂದೆ ಎಳೆಯಲು ಜಾಗವಿದ್ದರೆ ಎಳೆಯಿರಿ. ಒಂದು ಪೈಸೆ ಖರ್ಚಿಲ್ಲದ ಸುಧಾರಣೆ ಅದು.

ಕೋಣೆ ಹತ್ತಕ್ಕೆ ಹತ್ತರದ್ದು, ತಂತಿ ಎಳೆಯುವ ಹಾಗೇ ಇಲ್ಲ, ಬಾಡಿಗೆ ಮನೆ ಬೇರೆ ಅನ್ನುವವರು ಇಲ್ಲಿಗೇ ನಿಲ್ಲಬಹುದು. ಅವರಿಗೆ ಬೇರೆ ಸಬ್‌ವೂಫರ್ ಇರುವ, ನಡುವೆ ಸೆಂಟರ್ ಚಾನೆಲ್ (ಇಲ್ಲಿ ಚಾನೆಲ್ ಅಂದರೆ ಧ್ವನಿಯ ಒಂದು ಹಾದಿ) ಇರುವ ಒಳ್ಳೆಯ ಸೌಂಡ್‌ಬಾರ್, ಅಂದರೆ ಟಿವಿಯ ಕೆಳಗಿಡುವ ಒಂದೇ ಉದ್ದನೆಯ ಸ್ಪೀಕರ್, ಸರಿಯಾದ ಆಯ್ಕೆ.

ಮುಂದಿನ ಮೂರು ಸ್ಪೀಕರ್

5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಮುಂದೆ ಎಡ, ನಡು, ಬಲ. ಪಕ್ಕದಲ್ಲಿ ತುಸು ಹಿಂದಕ್ಕೆ ಎರಡು. ಸಿನಿಮಾದ ಮಾತಿನ ಬಹುಪಾಲು ಬರುವುದು ನಡುವಿನ ಸೆಂಟರ್ ಸ್ಪೀಕರ್‌ನಿಂದ. ಆದರೂ ಸೆಟ್ ಕೊಳ್ಳುವಾಗ ಅತಿ ಕಡಿಮೆ ಲಕ್ಷ್ಯ ಕೊಡುವುದು ಅದಕ್ಕೇ. ಎತ್ತರದ ಟವರ್ ಸ್ಪೀಕರ್ ನೋಡಲು ಚೆಂದ ಅಂತ ಅದಕ್ಕೆ ದುಡ್ಡು ಸುರಿದು, ಸೆಂಟರ್ ಅಂಗೈಯಗಲದ್ದು ತಂದರೆ ಅಜ್ಜಿಯ ದೂರು ಹಾಗೇ ಉಳಿಯುತ್ತದೆ.

ನನ್ನ ಮಾತು ಕೇಳುವುದಾದರೆ ಟವರ್ ಬಿಡಿ. ಸಬ್‌ವೂಫರ್ ಹೇಗೂ ಬರುತ್ತದೆ, ಗಿಡ್ಡ ಸ್ವರದ ಭಾರ ಅದು ಹೊರುತ್ತದೆ. ಐದರಿಂದ ಆರೂವರೆ ಇಂಚಿನ ವೂಫರ್ (ಪೆಟ್ಟಿಗೆಯಲ್ಲಿ ಕೆಳಗಿನ ಸ್ವರ ನುಡಿಸುವ ದೊಡ್ಡ ಕೋನ್) ಇರುವ ಬುಕ್‌ಶೆಲ್ಫ್ ಅನ್ನುವ ಚಿಕ್ಕ ಪೆಟ್ಟಿಗೆಗಳ ಜೋಡಿ ಪಡಸಾಲೆಗೆ ಧಾರಾಳ ಸಾಕು. ಉಳಿದ ಹಣ ಸೆಂಟರ್‌ಗೆ ಹಾಕಿ. ಮೂರೂ ಒಂದೇ ಕಂಪನಿಯ ಒಂದೇ ಸರಣಿಯವಾಗಿರಲಿ. ಇಲ್ಲದಿದ್ದರೆ ಪರದೆಯ ಎಡದಿಂದ ಬಲಕ್ಕೆ ನಡೆಯುತ್ತ ಮಾತಾಡುವ ಪಾತ್ರದ ದನಿ ನಡುವೆ ಬಂದಾಗ ಬೇರೆಯವರದ್ದಾಗಿ ಕೇಳುತ್ತದೆ.

ಸೆಂಟರ್ ಆರಿಸುವಾಗ ಒಂದು ಸೂಕ್ಷ್ಮ ಗಮನಿಸಿ. ಬಹಳಷ್ಟು ಸೆಂಟರ್‌ಗಳು ಅಡ್ಡಲಾಗಿರುತ್ತವೆ: ನಡುವೆ ಮೇಲಿನ ಸ್ವರದ ಪುಟ್ಟ ಟ್ವೀಟರ್, ಎರಡೂ ಬದಿ ಒಂದೊಂದು ವೂಫರ್. ಎದುರಿಗೆ ಕೂತವರಿಗೆ ಇದು ಚೆನ್ನಾಗಿಯೇ ಕೇಳುತ್ತದೆ. ಪಕ್ಕಕ್ಕೆ ಸರಿದು ಕೂತವರಿಗೆ ಎರಡು ವೂಫರ್‌ಗಳ ಧ್ವನಿ ಬೇರೆ ಬೇರೆ ಹೊತ್ತಿಗೆ ತಲುಪಿ, ಕೆಲವು ಸ್ವರಗಳು ಒಂದನ್ನೊಂದು ಕಡಿದುಹಾಕುತ್ತವೆ, ಮಾತು ಮಂಕಾಗುತ್ತದೆ. ನಮ್ಮ ಮನೆಗಳಲ್ಲಿ ಟಿವಿಯ ಮುಂದೆ ಒಬ್ಬರೇ ಕೂಡುವುದು ಅಪರೂಪ. ಸೋಫಾದ ತುದಿ, ಪಕ್ಕದ ಮಂಚ, ಬಾಗಿಲ ಹತ್ತಿರದ ಕುರ್ಚಿ, ಎಲ್ಲೆಲ್ಲೂ ಮಂದಿ. ಆದ್ದರಿಂದ ಸಾಧ್ಯವಾದರೆ ನಡುವೆ ಟ್ವೀಟರ್‌ನ ಕೆಳಗೆ ನಡುಸ್ವರಕ್ಕೆಂದೇ ಚಿಕ್ಕ ಮಿಡ್‌ರೇಂಜ್ ಇರುವ ತ್ರೀ-ವೇ ಸೆಂಟರ್ ನೋಡಿ. ಅದು ಬಜೆಟ್‌ಗೆ ದಕ್ಕದಿದ್ದರೆ, ಎಡಬಲಕ್ಕೆ ಕೊಂಡ ಬುಕ್‌ಶೆಲ್ಫ್‌ನದೇ ಮೂರನೆಯದನ್ನು ಬಿಡಿಯಾಗಿ ಕೊಡುತ್ತಾರೇನು ಕೇಳಿ, ಅದನ್ನೇ ನಡುವೆ ನೆಟ್ಟಗೆ ನಿಲ್ಲಿಸಿ.

ಪೆಟ್ಟಿಗೆಯ ರಂಧ್ರವನ್ನೂ ನೋಡಿ. ಕೆಲವಕ್ಕೆ ಗಾಳಿ ಹೊರಹಾಕುವ ಪೋರ್ಟ್ ಹಿಂಬದಿ ಇರುತ್ತದೆ. ಅಂಥದ್ದನ್ನು ಶೋಕೇಸಿನ ಗೂಡಿನೊಳಗೆ ತುರುಕಿದರೆ ಗಂಡಸರ ದನಿಯೆಲ್ಲ ಮಡಕೆಯೊಳಗಿಂದ ಬಂದಂತೆ ಕೇಳುತ್ತದೆ. ಶೋಕೇಸಿನಲ್ಲೇ ಇಡುವುದು ಅನಿವಾರ್ಯವಾದರೆ ಮುಂದೆ ಪೋರ್ಟ್ ಇರುವುದನ್ನೋ ಪೂರ್ತಿ ಮುಚ್ಚಿದ ಪೆಟ್ಟಿಗೆಯನ್ನೋ ಆರಿಸಿ, ಗೂಡಿನ ಅಂಚಿಗೆ ಸರಿಯಾಗಿ ಮುಂದೆ ತಂದಿಡಿ.

ಅಂಗಡಿಯಲ್ಲಿ ಕೇಳಿ ನೋಡದೆ ಕೊಳ್ಳಬೇಡಿ. ಹುಬ್ಬಳ್ಳಿಗೋ ಬೆಳಗಾವಿಗೋ ಹೋಗಬೇಕಾದರೂ ಹೋಗಿ. ಅವರು ಹಾಕುವ ಸ್ಫೋಟದ ದೃಶ್ಯದಲ್ಲಿ ಎಲ್ಲ ಸ್ಪೀಕರ್‌ಗಳೂ ಭರ್ಜರಿಯೇ. ನಿಮ್ಮ ಫೋನಿನಲ್ಲಿ ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ಭಾಷಣ, ಒಂದು ಗಾಯನ ಒಯ್ಯಿರಿ. ಮಲ್ಲಿಕಾರ್ಜುನ ಮನ್ಸೂರರದೋ ಗಂಗೂಬಾಯಿ ಹಾನಗಲ್ಲರದೋ ಧ್ವನಿಮುದ್ರಣ ಹಾಕಿಸಿ, ಗಾಯನ ನಿಂತ ಜಾಗದಲ್ಲಿ ತಂಬೂರಿಯನ್ನು ಆಲಿಸಿ. ನಾಲ್ಕೂ ತಂತಿಗಳ ಮೀಟು ಬಿಡಿಬಿಡಿಯಾಗಿ ತಿಳಿಯಬೇಕು, ಮೇಲೇಳುವ ಝೇಂಕಾರ ಚುಚ್ಚಬಾರದು. ಭಾಷಣದಲ್ಲಿ ಸ, ಶ, ಷ ಬಂದಾಗ ಉಸ್ ಅಂತ ಕಿವಿಗೆ ಹೊಡೆದರೆ ಆ ಟ್ವೀಟರ್ ದಿನಾ ಕೇಳುವುದಕ್ಕಲ್ಲ. ಎರಡು ಸ್ಪೀಕರ್ ಹೋಲಿಸುವಾಗ ಎರಡರ ಧ್ವನಿಯ ಮಟ್ಟ ಒಂದೇ ಇರಲಿ ಅಂತ ಪಟ್ಟು ಹಿಡಿಯಿರಿ, ತುಸು ಜೋರಾಗಿದ್ದದ್ದೇ ಎಲ್ಲರ ಕಿವಿಗೂ ಚಲೋ ಅನಿಸುವುದು.

ವಾಟ್‌ನ ಲೆಕ್ಕ

ಡಬ್ಬಿಯ ಮೇಲೆ ಪಿಎಂಪಿಒ ಅಂತ ನಾಲ್ಕಂಕಿ, ಐದಂಕಿ ಬರೆದಿದ್ದರೆ ಆ ಅಂಕಿಯನ್ನು ಮರೆತುಬಿಡಿ. ಅದನ್ನು ಅಳೆಯುವುದಕ್ಕೆ ಒಪ್ಪಿತ ಮಾನದಂಡವೇ ಇಲ್ಲ. ಯಂತ್ರದ ಹಿಂದೆ ಅಂಟಿಸಿದ ಚೀಟಿ ತಿರುಗಿಸಿ ಓದಿ. 230 ವೋಲ್ಟ್, ಇಷ್ಟು ವಾಟ್ ಅಂತ ವಿದ್ಯುತ್ ಬಳಕೆ ಬರೆದಿರುತ್ತದೆ. ಗೋಡೆಯಿಂದ 60 ವಾಟ್ ಎಳೆಯುವ ಪೆಟ್ಟಿಗೆ 8,000 ವಾಟ್ ಧ್ವನಿ ಕೊಡಲಾರದು.

ಹೆಸರಾಂತ ರಿಸೀವರ್‌ಗಳ ಅಂಕಿಯಲ್ಲೂ ಎರಡು ಬಗೆ. (ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ.) "6 ಓಮ್, 1 ಕಿಲೋಹರ್ಟ್ಸ್, ಒಂದು ಚಾನೆಲ್" ಅಂತ ಅಳೆದ 140 ವಾಟ್‌ಗಿಂತ, "8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್" ಅಂತ ಅಳೆದ 70 ವಾಟ್ ಹೆಚ್ಚು ನಂಬಿಕೆಗೆ ಅರ್ಹ. ಹೋಲಿಸುವಾಗ ಒಂದೇ ಬಗೆಯ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಿ.

ಇನ್ನು ಎಷ್ಟು ಬೇಕು? ಸ್ಪೀಕರ್‌ನ ಕಾಗದದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಅಂಕಿ ಇರುತ್ತದೆ. 87 ಡೆಸಿಬೆಲ್ ಅಂದರೆ, ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಅಷ್ಟು ಧ್ವನಿ. ಮೂರು ಮೀಟರ್ ದೂರದ ಸೋಫಾಗೆ ಬರುವಷ್ಟರಲ್ಲಿ, ಗೋಡೆಗಳ ಸಹಾಯ ಬಿಟ್ಟು ಲೆಕ್ಕ ಹಾಕಿದರೆ, ಅದು ಹತ್ತಿರ ಹತ್ತಿರ 77 ಆಗುತ್ತದೆ. ಮನೆಯಲ್ಲಿ ಮಾತು ಕೇಳುವುದಕ್ಕೆ ಅದೇ ಹೆಚ್ಚು. ಅಂದರೆ ಮಾತಿನ ಹೊತ್ತಿನಲ್ಲಿ ರಿಸೀವರ್ ಒಂದು ವಾಟ್ ಕೂಡ ಖರ್ಚು ಮಾಡುತ್ತಿರುವುದಿಲ್ಲ. ಸಿಡಿಲು ಬಡಿಯುವ ಗಳಿಗೆಗೆ 50 ವಾಟ್ ಕೊಟ್ಟರೆ 94 ಡೆಸಿಬೆಲ್ ದಾಟುತ್ತದೆ. ಅಲ್ಲಿಂದ 100 ವಾಟ್‌ಗೆ ಹೋದರೆ ಸಿಗುವುದು ಮೂರೇ ಡೆಸಿಬೆಲ್ ಹೆಚ್ಚು. ವಾಟ್ ಇಮ್ಮಡಿಯಾದರೂ ಧ್ವನಿ ಇಮ್ಮಡಿಯಾಗುವುದಿಲ್ಲ, ಅದಕ್ಕೆ ಹತ್ತುಪಟ್ಟು ವಾಟ್ ಬೇಕು. 87ರ ಬದಲು 90ರ ಸ್ಪೀಕರ್ ತಂದರೆ ರಿಸೀವರ್ ಬದಲಿಸದೆಯೇ ಆ ಮೂರು ಡೆಸಿಬೆಲ್ ಸಿಕ್ಕಿತು.

ಓಮ್ ಮಾತ್ರ ಮರೆಯಬೇಡಿ. ಆರಂಭದ ಬೆಲೆಯ ರಿಸೀವರ್‌ಗಳು 6ರಿಂದ 8 ಓಮ್ ಸ್ಪೀಕರ್‌ಗೆ ಹೊಂದುತ್ತವೆ. 4 ಓಮ್ ಸ್ಪೀಕರ್ ಹೆಚ್ಚು ಕರೆಂಟ್ ಎಳೆದು ಅವನ್ನು ಕಾಯಿಸುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ನಮ್ಮ ಕಡೆ ಕೋಣೆಯೇ ಕಾದಿರುತ್ತದೆ, ಅದರ ಮೇಲೆ ಇದು ಬೇಡ.

ರಿಸೀವರ್‌ನಲ್ಲಿ ನೋಡಬೇಕಾದದ್ದು

ಯಮಾಹಾ, ಡೆನಾನ್, ಸೋನಿ, ಓಂಕ್ಯೊ, ಯಾವುದೇ ಇರಲಿ, ಮೊದಲು ಹಿಂಬದಿಯ ಜೋಡಣೆ ನೋಡಿ. ಟಿವಿಗೆ ಹೋಗುವ ಎಚ್‌ಡಿಎಂಐ ಕಿಂಡಿಯ ಮೇಲೆ ಎಆರ್‌ಸಿ ಅಂತಲೋ ಇಎಆರ್‌ಸಿ ಅಂತಲೋ ಇರಬೇಕು. ಟಿವಿಯೊಳಗಿನ ಓಟಿಟಿ ಆ್ಯಪ್‌ಗಳ ಧ್ವನಿ ಇದೇ ದಾರಿಯಲ್ಲಿ ರಿಸೀವರ್‌ಗೆ ಇಳಿಯುತ್ತದೆ. ಓಟಿಟಿಯ 5.1ಕ್ಕೆ, ಅಷ್ಟೇ ಏಕೆ ಅಲ್ಲಿ ಬರುವ ಅಟ್ಮಾಸ್‌ಗೂ (ತಲೆಯ ಮೇಲಿಂದಲೂ ಧ್ವನಿ ಬರುವ ಡಾಲ್ಬಿಯ ಬಗೆ), ಸಾಮಾನ್ಯವಾಗಿ ಎಆರ್‌ಸಿ ಸಾಕು. ಟಿವಿಗೆ ಜೋಡಿಸಿದ ಬ್ಲೂ-ರೇ ಪ್ಲೇಯರ್‌ನ ಪೂರ್ತಿ ಗುಣಮಟ್ಟದ ಧ್ವನಿ ಬೇಕಾದವರಿಗೆ ಇಎಆರ್‌ಸಿ. ಆಪ್ಟಿಕಲ್ ತಂತಿಯಲ್ಲೂ 5.1 ಬರುತ್ತದೆ, ಆದರೆ ಹಳೆಯ ಡಾಲ್ಬಿ ಡಿಜಿಟಲ್ ಮತ್ತು ಡಿಟಿಎಸ್ ಮಾತ್ರ. ಎಚ್‌ಡಿಎಂಐ ಇದ್ದಾಗ ಅದು ಬೇಕಿಲ್ಲ.

ಎರಡನೆಯದು, ಮೈಕ್ ಇಟ್ಟು ಕೋಣೆಗೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುವ ಸೌಲಭ್ಯ. ಯಮಾಹಾದಲ್ಲಿ ಇದಕ್ಕೆ ವೈಪಿಎಒ ಅನ್ನುತ್ತಾರೆ, ಡೆನಾನ್‌ನ ಬಹುತೇಕ ಮಾಡೆಲ್‌ಗಳಲ್ಲಿ ಆಡಿಸಿ ಇರುತ್ತದೆ. ಡಬ್ಬಿಯಲ್ಲಿ ಮೈಕ್ ಇದೆಯೋ ಇಲ್ಲವೋ ತೆರೆದು ನೋಡಿ. ನಮ್ಮ ಗ್ರ್ಯಾನೈಟ್ ಪಡಸಾಲೆಗಳಿಗೆ ಇದು ಇಲ್ಲದ ರಿಸೀವರ್ ಬೇಡವೇ ಬೇಡ, ಎರಡು ಸಾವಿರ ಕಡಿಮೆ ಸಿಕ್ಕರೂ.

ಚಾನೆಲ್ ಎಷ್ಟು? ಐದು ಸಾಕು. ಮುಂದೆ ಸೂರಿನಲ್ಲಿ ಎರಡು ಸ್ಪೀಕರ್ ಹಾಕಿ ಅಟ್ಮಾಸ್ ಕೇಳುವ ಆಸೆ ಗಟ್ಟಿಯಾಗಿದ್ದರೆ ಮಾತ್ರ ಏಳು ಚಾನೆಲ್‌ನದು. ಧ್ವನಿಯನ್ನು ಮೇಲಕ್ಕೆ ಚಿಮ್ಮಿಸಿ ಸೂರಿನಿಂದ ಪುಟಿಸುವ ಸ್ಪೀಕರ್‌ಗಳೂ ಇವೆ. ಅವಕ್ಕೆ ಸಪಾಟಾದ, ಏಳೂವರೆಯಿಂದ ಹದಿನಾಲ್ಕು ಅಡಿ ಎತ್ತರದ ಸೂರು ಬೇಕು. ಜಂತಿ ತೊಲೆಗಳ ಮಾಳಿಗೆ ಮನೆಯಲ್ಲಿ, ಇಳಿಜಾರಾದ ಪತ್ರಾಸಿನ ಕೆಳಗೆ ಅವು ಕೆಲಸ ಮಾಡವು.

ಡಿಟಿಎಚ್‌ನಲ್ಲಿ ಬರುವ ಹೆಚ್ಚಿನ ಕಾರ್ಯಕ್ರಮ, ಯೂಟ್ಯೂಬಿನ ಬಹುಪಾಲು ಎಲ್ಲ ಬರೀ ಸ್ಟೀರಿಯೊ, ಅಂದರೆ ಎಡ ಬಲ ಎರಡೇ ಚಾನೆಲ್. ಅದನ್ನು ಐದೂ ಸ್ಪೀಕರ್‌ಗೆ ಹಂಚುವ ಡಾಲ್ಬಿ ಸರೌಂಡ್‌ನಂಥ ಮೋಡ್ ಇದ್ದರೆ ವಾರ್ತೆ, ಧಾರಾವಾಹಿಯ ಮಾತೂ ಸೆಂಟರ್‌ಗೆ ಬರುತ್ತದೆ. ಮನೆಯವರು ದಿನಾ ಬಳಸುವುದು ಇದನ್ನೇ.

ಸಬ್‌ವೂಫರ್ ಮತ್ತು ಹಿಂದಿನ ಜೋಡಿ

ಪಡಸಾಲೆಗೆ ಎಂಟು ಅಥವಾ ಹತ್ತು ಇಂಚಿನ, ಒಳಗೇ ಆಂಪ್ಲಿಫೈಯರ್ ಇರುವ ಸಬ್ ಸಾಕು. ಎಲ್ಲಿಡಬೇಕು ಅನ್ನುವುದಕ್ಕೆ ಒಂದು ಉಪಾಯ: ಸಬ್ ಅನ್ನು ನೀವು ಕೂಡುವ ಜಾಗದಲ್ಲೇ ಇಟ್ಟು, ಕರಡಿ ಮಜಲೋ ಡೊಳ್ಳೋ ಹಚ್ಚಿ, ನೀವು ಗೋಡೆಗುಂಟ ಮೊಣಕಾಲೂರಿ ಸರಿಯುತ್ತ ಹೋಗಿ. ಒಂದು ಕಡೆ ಪೆಟ್ಟು ಊದಿಕೊಂಡಿರುತ್ತದೆ, ಇನ್ನೊಂದು ಕಡೆ ಮಾಯವಾಗಿರುತ್ತದೆ. ಪ್ರತಿ ಪೆಟ್ಟೂ ಬಿಗಿಯಾಗಿ, ಬೇರೆ ಬೇರೆಯಾಗಿ ಕೇಳಿದ ಜಾಗಕ್ಕೆ ಸಬ್ ಒಯ್ದಿಡಿ. ಪಕ್ಕದ ಮನೆಯ ಜೊತೆ ಹಂಚಿಕೊಂಡ ಗೋಡೆಗೆ ಮಾತ್ರ ತಾಗಿಸಬೇಡಿ. ಆ ಸ್ವರ ಗೋಡೆ ದಾಟಿ ಅವರ ಮಂಚದವರೆಗೂ ಹೋಗುತ್ತದೆ.

ಹಿಂದಿನ ಎರಡು ಸ್ಪೀಕರ್‌ಗೆ ಹೆಚ್ಚು ಖರ್ಚು ಬೇಡ. ಅದೇ ಕಂಪನಿಯ ಚಿಕ್ಕ ಜೋಡಿ ಸಾಕು, ಒಂದು ವರ್ಷ ಬಿಟ್ಟು ತಂದರೂ ಆದೀತು.

ತಂತಿ, ಜಾಗ, ಕರೆಂಟು

ಮನೆ ಇನ್ನೂ ಕಟ್ಟುತ್ತಿದ್ದರೆ ಗಿಲಾವಿಗೆ ಮೊದಲೇ ಸ್ಪೀಕರ್ ತಂತಿಗೆ ಬೇರೆ ಪೈಪು ಹಾಕಿಸಿ, ಲೈಟಿನ ವೈರಿನ ಪೈಪಿನೊಳಗೆ ಸೇರಿಸಬೇಡಿ. ಟಿವಿಯಿಂದ ರಿಸೀವರ್‌ಗೆ ಹೋಗುವ ಪೈಪು ದಪ್ಪದ್ದಿರಲಿ, ಎಚ್‌ಡಿಎಂಐನ ತಲೆ ತೂರಬೇಕು. ಎಳೆಯಲು ಒಳಗೊಂದು ತಂತಿ ಬಿಟ್ಟಿರಿ.

ಸ್ಪೀಕರ್ ತಂತಿ 1.5 ಚದರ ಮಿಲಿಮೀಟರ್‌ನದು, ಅಪ್ಪಟ ತಾಮ್ರದ್ದು ಬೇಕು. ಹತ್ತು ಮೀಟರ್ ದೂರಕ್ಕೆ ಹೋಗಿಬರುವ ಒಟ್ಟು ರೋಧ ಕಾಲು ಓಮ್‌ನ ಒಳಗೇ ಇರುತ್ತದೆ, ತೊಂದರೆಯಿಲ್ಲ. ಅಲ್ಯುಮಿನಿಯಂ ಮೇಲೆ ತಾಮ್ರ ಲೇಪಿಸಿದ್ದನ್ನೂ ತಾಮ್ರವೆಂದೇ ಮಾರುತ್ತಾರೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ವಾಪಸು ಕೊಡಿ. ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿ. ಮುಂದಿನ ಒಂದು ಸ್ಪೀಕರ್ ಅದಲು ಬದಲಾದರೆ ದನಿ ಟೊಳ್ಳಾಗುತ್ತದೆ.

ಎಡಬಲ ಸ್ಪೀಕರ್‌ಗಳು ನೀವು ಕೂಡುವ ಜಾಗದಿಂದ ನೋಡಿದರೆ ನಡುವಿನಿಂದ 22ರಿಂದ 30 ಡಿಗ್ರಿ ಆಚೆಈಚೆ, ಹಿಂದಿನವು 110ರಿಂದ 120 ಡಿಗ್ರಿಯಲ್ಲಿ, ಕಿವಿಗಿಂತ ಒಂದೆರಡು ಅಡಿ ಮೇಲೆ. ಮುಂದಿನವುಗಳ ಟ್ವೀಟರ್ ಕಿವಿಯ ಮಟ್ಟದಲ್ಲಿರಬೇಕು. ಜಮಖಾನದ ಮೇಲೆ ಕೂತು ನೋಡುವ ಮನೆಯಾದರೆ ಸ್ಟ್ಯಾಂಡ್ ಗಿಡ್ಡದಿರಲಿ, ಸೋಫಾದ ಲೆಕ್ಕಕ್ಕೆ ಮಾಡಿದ್ದು ತಲೆಯ ಮೇಲೆ ಹಾಯುತ್ತದೆ. ಟಿವಿಯ ಕೆಳಗಿಟ್ಟ ಸೆಂಟರ್‌ನ ಮುಂದಿನ ಅಂಚಿಗೆ ರಬ್ಬರ್ ತುಂಡು ಕೊಟ್ಟು ಮುಖವನ್ನು ಕಿವಿಯ ಕಡೆ ಎತ್ತಿ.

ರಿಸೀವರ್ ಅನ್ನು ಗಾಜಿನ ಬಾಗಿಲಿನ ಶೋಕೇಸಿನಲ್ಲಿ ಕೂಡಿಹಾಕಬೇಡಿ. ಮೇಲೆ ಅರ್ಧ ಅಡಿಯಾದರೂ ತೆರವಿರಲಿ, ಸೆಟ್‌ಟಾಪ್ ಬಾಕ್ಸ್ ಅದರ ನೆತ್ತಿಯ ಮೇಲೆ ಬೇಡ. ವೋಲ್ಟೇಜ್ ಏರಿಳಿತ ಇರುವ ಕಡೆ ಒಳ್ಳೆಯ ಸ್ಟೆಬಿಲೈಸರ್, ಇನ್ವರ್ಟರ್ ಮೇಲೆ ಓಡಿಸುವುದಾದರೆ ಸೈನ್ ವೇವ್‌ನದು. ಸ್ಪೀಕರ್‌ನಿಂದ ಹುಂಮ್ ಅನ್ನುವ ಸದ್ದು ಬಂದರೆ ಮೊದಲು ಡಿಶ್ ಅಥವಾ ಕೇಬಲ್ ಟಿವಿಯ ತಂತಿ ಕಿತ್ತು ನೋಡಿ. ನಿಂತಿತೆಂದರೆ ಆ ತಂತಿಯ ದಾರಿಯಿಂದ ಅರ್ತಿಂಗ್ ಸುತ್ತು (ಎರಡು ಕಡೆಯ ಅರ್ತಿಂಗ್ ಕೂಡಿ ಆಗುವ ಕರೆಂಟಿನ ಸುತ್ತು) ಬಂದಿದೆ, ಎಲ್ಲವನ್ನೂ ಒಂದೇ ಬೋರ್ಡಿಗೆ ಹಾಕಿ ನೋಡಿ. ಪ್ಲಗ್ಗಿನ ಅರ್ತಿಂಗ್ ಪಿನ್ ಮುರಿದು ಸದ್ದು ನಿಲ್ಲಿಸುವ ಉಪಾಯವನ್ನು ಯಾರೇ ಹೇಳಿದರೂ ಮಾಡಬೇಡಿ, ಅದು ಜೀವಕ್ಕೆ ಅಪಾಯ.

ಹೊಂದಿಸುವ ದಿನ

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಪಿಸಿಎಂ ಅಂತಿದ್ದರೆ ಎಆರ್‌ಸಿಯಲ್ಲಿ ಬರೀ ಸ್ಟೀರಿಯೊ ಬರುತ್ತದೆ. ಆಟೊ ಅಥವಾ ಬಿಟ್‌ಸ್ಟ್ರೀಮ್ ಮಾಡಿ. ಸಿಇಸಿ ಆನ್ ಮಾಡಿದರೆ ಟಿವಿಯ ರಿಮೋಟಿನಿಂದಲೇ ರಿಸೀವರ್ ದನಿ ಏರಿಳಿಯುತ್ತದೆ, ಮನೆಮಂದಿಗೆ ಎರಡನೇ ರಿಮೋಟ್ ಕಲಿಸುವ ಗೋಜಿಲ್ಲ.

ಮೈಕಿನ ಅಳತೆಗೆ ಫ್ಯಾನು, ಕೂಲರ್ ಎರಡನ್ನೂ ಬಂದ್ ಮಾಡಿ, ಮಧ್ಯಾಹ್ನ ರಸ್ತೆ ಶಾಂತವಿದ್ದಾಗ ಮಾಡಿ. ಮೈಕ್ ಕೈಯಲ್ಲಿ ಹಿಡಿಯದೆ ಕಿವಿಯ ಎತ್ತರಕ್ಕೆ ಕ್ಯಾಮೆರಾ ಸ್ಟ್ಯಾಂಡಿಗೆ ಕಟ್ಟಿ. ಮುಗಿದ ಮೇಲೆ ಒಳಹೊಕ್ಕು ನೋಡಿ: ಎಲ್ಲ ಸ್ಪೀಕರ್ "ಸ್ಮಾಲ್" ಇರಲಿ, ಕ್ರಾಸ್‌ಓವರ್ 80 ಹರ್ಟ್ಸ್ ಇರಲಿ, ಅಂದರೆ ಅದಕ್ಕಿಂತ ಕೆಳಗಿನ ಸ್ವರವೆಲ್ಲ ಸಬ್‌ಗೆ ಹೋಗುತ್ತದೆ. ನಂತರ ಸೆಂಟರ್ ಒಂದನ್ನೇ ಎರಡು ಡೆಸಿಬೆಲ್ ಏರಿಸಿ. ರಾತ್ರಿ ಮಕ್ಕಳು ಮಲಗಿದ ಮೇಲೆ ಡೈನಮಿಕ್ ರೇಂಜ್ ತಗ್ಗಿಸುವ ಮೋಡ್ ಹಾಕಿ. ಗುಡುಗು ತಗ್ಗಿ ಪಿಸುಮಾತು ಮೇಲೇಳುತ್ತದೆ.

ಹಚ್ಚಿದ ಕೂಡಲೆ ರಿಸೀವರ್ ತಾನಾಗಿ ಆಫ್ ಆಗಿ ಕೆಂಪು ದೀಪ ಮಿನುಗಿದರೆ ಗಾಬರಿ ಬೇಡ. ಬಹುತೇಕ ತಂತಿಯ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಗುಲಿರುತ್ತದೆ. ಪ್ಲಗ್ ಕಿತ್ತು, ಪ್ರತಿ ತುದಿಯನ್ನೂ ಬಿಗಿಯಾಗಿ ತಿರುಚಿ, ಹೊರಗೆ ಎಳೆ ಉಳಿಯದಂತೆ ಮತ್ತೆ ಸೇರಿಸಿ ಹಚ್ಚಿ. ಆಗಲೂ ನಿಲ್ಲದಿದ್ದರೆ ಎಲ್ಲ ಸ್ಪೀಕರ್ ಬಿಚ್ಚಿ ಒಂದೊಂದಾಗಿ ಹಾಕುತ್ತ ಬನ್ನಿ. ಯಾವುದು ಸೇರಿದಾಗ ಆಫ್ ಆಯಿತೋ ಆ ತಂತಿಯಲ್ಲೋ ಸ್ಪೀಕರ್‌ನಲ್ಲೋ ದೋಷವಿದೆ. ಒಂದೂ ಹಾಕದೆ ಹಚ್ಚಿದರೂ ಆಫ್ ಆಗುತ್ತಿದ್ದರೆ ರಿಸೀವರ್ ಅನ್ನೇ ಬಿಲ್ಲಿನ ಸಮೇತ ಸರ್ವಿಸ್‌ಗೆ ಒಯ್ಯಿರಿ.